ಜೊತೆಯೇ ಔಷಧ

ಕತ್ತೆಯೆಂದರೆ ಮೂಢತನಕ್ಕೆ ಪರ್ಯಾಯಪದವೆಂಬುದು ಲೋಕರೂಢಿ. ಆ ಮೂಕಪ್ರಾಣಿಯ ಸ್ನೇಹನಿಷ್ಠೆಯನ್ನು ಅರಿತವರು ವಿರಳ. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಎಲಿಜಬೆತ್ ಸ್ವೆಂಡ್‌ಸನ್ ಎಂಬ ಮಹಿಳೆ 1969ರಲ್ಲಿ ಸ್ಥಾಪಿಸಿದ ಡಾಂಕಿ ಸ್ಯಾಂಕ್ಚುಯರಿ ಎಂಬ ಆಶ್ರಯಧಾಮವು ದಿಕ್ಕಿಲ್ಲದ ಕತ್ತೆಗಳನ್ನು ಸಲಹಿ, ಯೋಗ್ಯರ ಮನೆಗಳಿಗೆ ಒಪ್ಪಿಸುತ್ತದೆ. ಆದರೆ ಒಂಟಿಬಾಳಿಗಲ್ಲ, ಜೋಡಿಯಾಗಿ.

ಒಂದನ್ನೇ ಬಯಸಿ ಬಂದವರಿಗೆ ಈ ನಿಯಮವು ಭಾವುಕತೆಯ ಅತಿರೇಕವೆಂದು ತೋರಬಹುದು. ವಾಸ್ತವವಾಗಿ ಅದು ವೈದ್ಯವಿವೇಕ. ಸಂಗಾತಿಯನ್ನಗಲಿದ ಕತ್ತೆ ಕೊರಗಿ ಮೇವು ಬಿಡುವುದುಂಟು. ಆಗ ಮೈಯ ಕೊಬ್ಬು ಕರಗಿ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಯಕೃತ್ತು, ಮೂತ್ರಪಿಂಡಗಳು ಕೆಟ್ಟು ಪ್ರಾಣವೇ ಹೋಗಬಹುದು. ಹೈಪರ್‌ಲಿಪೀಮಿಯ ಎಂಬ ಈ ವ್ಯಾಧಿಯನ್ನು ತಡೆಯುವಲ್ಲಿ ಜೊತೆಗಾರನೂ ಒಂದು ಔಷಧವೇ ಸರಿ.

ಭಾರತದಲ್ಲಿ 2012ರ ಜಾನುವಾರು ಗಣತಿಯಂತೆ ಸುಮಾರು 3.2 ಲಕ್ಷವಿದ್ದ ಕತ್ತೆಗಳು 2019ರ ಗಣತಿಯಲ್ಲಿ ಸುಮಾರು 1.2 ಲಕ್ಷಕ್ಕಿಳಿದವು. ಸಂಖ್ಯೆ ಕುಗ್ಗಿದಷ್ಟೂ ಉಳಿದವು ಒಂಟಿಯಾಗುವ ಭಯ ಹೆಚ್ಚು. ಆದಕಾರಣ ದುಡಿದು ಸವೆದ ಕತ್ತೆಗೆ ಆಸರೆ ನೀಡುವ ಉದಾರಿಗಳು ಕೊಟ್ಟಿಗೆ, ಹುಲ್ಲುಗಳಷ್ಟನ್ನೇ ಲೆಕ್ಕಹಾಕಿದರೆ ಸಾಲದು; ಅದರ ಜೊತೆಯನ್ನೂ ಉಳಿಸಿಕೊಡಬೇಕು. ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡ ಜನಕ್ಕೆ ಒಡನಾಟದ ಬೆಲೆಯನ್ನು ಬೇರೆ ಹೇಳಬೇಕೆ?