ಪಹಣಿಯಲ್ಲಿಲ್ಲದವರ ಮನೆತನ

ಹರಪನಹಳ್ಳಿ ತಾಲೂಕಿನ ತೆಲಿಗಿಯಲ್ಲಿ 1910ರ ಸುಮಾರಿಗೆ ಹುಟ್ಟಿ, ಅಲ್ಲೇ ಕಂಡವರ ಹೊಲದಲ್ಲಿ ದುಡಿದು, 1975ರ ಹೊತ್ತಿಗೆ ಅಲ್ಲೇ ಮಣ್ಣಾದ ಒಬ್ಬ ಕೂಲಿಯಾಳನ್ನು ಮನಸ್ಸಿಗೆ ತಂದುಕೊಳ್ಳಿ. ಹೊಲವಿಲ್ಲ, ಓದಿಲ್ಲ. ಮೊಮ್ಮಕ್ಕಳು ಈಗ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ. ಅವರಲ್ಲೊಬ್ಬಳು "ನಮ್ಮಜ್ಜ ಹೆಂಗಿದ್ದ?" ಎಂದು ಕೇಳಿದರೆ ಮನೆಯಲ್ಲಿ ಸಿಗುವ ಉತ್ತರ ಒಂದೇ: "ಏನೈತಿ ಹೇಳಾಕ? ದುಡಿದ, ಹೋದ."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಹೇಳಲು ಏನೂ ಇಲ್ಲದ ಬದುಕು ಎಂಬುದಿಲ್ಲ. ಬರೆದಿಡುವವರು ಯಾತಕ್ಕಾಗಿ ಬರೆದರು ಎಂಬುದನ್ನು ನೋಡಿದರೆ ಈ ಖಾಲಿ ಜಾಗ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಗಣಿ ಕೂಲಿಕಾರನ ಮಗನನ್ನು ತೆಗೆದುಕೊಳ್ಳಿ. 1910ರ ಜನಗಣತಿಯವರು ಅವನಪ್ಪನನ್ನು ಹೆಸರು ಹಿಡಿದು ಬರೆದುಕೊಂಡರು: ಓದಲು ಬರುತ್ತದೆಯೆ, ಮನೆ ಸ್ವಂತದ್ದೋ ಬಾಡಿಗೆಯದೋ, ಹಿಂದಿನ ವರ್ಷ ಎಷ್ಟು ವಾರ ಕೆಲಸವಿಲ್ಲದೆ ಕುಳಿತಿದ್ದ. ಆ ಹಾಳೆಗಳು 72 ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆದುಕೊಳ್ಳುತ್ತವೆ. 1950ರ ಗಣತಿ 2022ರಲ್ಲಿ ಹೊರಬಂತು. ಬಡವನ ಮರಿಮಗಳು ಅವನ ಬೀದಿಯನ್ನು, ನೆರೆಯವರನ್ನು, ಕೆಲಸವಿಲ್ಲದ ವಾರಗಳನ್ನು ಕಣ್ಣಾರೆ ಓದಬಹುದು. ನಮ್ಮಲ್ಲೂ ಹತ್ತು ವರ್ಷಕ್ಕೊಮ್ಮೆ ಎಣಿಸಿದರು. ಆದರೆ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಯಾರಿಗೂ ನೋಡಲು ಸಿಗದು. ತಲೆಯ ಲೆಕ್ಕ ಉಳಿಯಿತು, ಹೆಸರು ಉಳಿಯಲಿಲ್ಲ.

ಹೆಸರು ಉಳಿದದ್ದು ಕಂದಾಯದ ಕಾಗದದಲ್ಲಿ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಅವನ ರಯತವಾರಿ ಪದ್ಧತಿಯಲ್ಲಿ ಸರ್ಕಾರಕ್ಕೆ ನೇರ ಕಂದಾಯ ಕಟ್ಟುವವನೇ ಲೆಕ್ಕಕ್ಕೆ ಬರುವವನು. ಆ ರೈತನ ಹೊಲದಲ್ಲಿ ಕಳೆ ತೆಗೆದವಳು, ಕುಂಟೆ ಹೊಡೆದವನು ಶಾನುಭೋಗರ ದಫ್ತರಕ್ಕೆ ಬೇಕಾಗಲಿಲ್ಲ. ಹೊಲವಿದ್ದವನ ವಂಶವೃಕ್ಷವನ್ನು ಇಂದಿಗೂ ಪೌತಿ ಖಾತೆಯ ಅರ್ಜಿ ಬರೆಸುತ್ತದೆ. ಹೊಲವಿಲ್ಲದವನಿಗೆ ಅಂಥ ಒಂದು ಹಾಳೆ ಬರೆಯುವ ಸಂದರ್ಭ ಬರುವುದೇ ಕಡಿಮೆ.

ಇದರ ಮೇಲೆ ಇನ್ನೊಂದು ತೊಡಕು. ನಮ್ಮ ತೆಲಿಗಿಯವನು ಮನೆ ಬದಲಿಸಲಿಲ್ಲ, ಆದರೆ ವಿಳಾಸ ಬದಲಾಗುತ್ತ ಹೋಯಿತು. ಹುಟ್ಟಿದ್ದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಮೈಸೂರಿಗೆ ಸೇರಿದವು. ಅವನ ಮಕ್ಕಳು 1997ರಲ್ಲಿ ದಾವಣಗೆರೆ ಜಿಲ್ಲೆಯವರಾದರು, 2018ರಲ್ಲಿ ಮತ್ತೆ ಬಳ್ಳಾರಿಯವರಾದರು, 2021ರಲ್ಲಿ ವಿಜಯನಗರದವರು. 1936ರಲ್ಲಿ ದಾವಣಗೆರೆಯಲ್ಲಿ ಹತ್ತಿ ಗಿರಣಿ ಶುರುವಾದ ಮೇಲೆ ಇವನ ತಮ್ಮ ಅಲ್ಲಿಗೆ ಕೂಲಿಗೆ ಹೋಗಿದ್ದರೆ ಅವನು ಕಾಲಿಟ್ಟದ್ದು ಬೇರೆ ರಾಜ್ಯದೊಳಗೆ, ಒಡೆಯರ ಮೈಸೂರಿಗೆ. ಅಣ್ಣ ತಮ್ಮಂದಿರ ಕಾಗದ, ಇದ್ದರೂ, ಎರಡು ಸರ್ಕಾರಗಳಲ್ಲಿ ಹಂಚಿಹೋಗಿರುತ್ತದೆ.

ಹೆಸರಿನದೂ ಒಂದು ಗೋಜಲು. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ. ಕೊಟ್ರಪ್ಪನ ಮಗ ಮೈಲಾರಪ್ಪ, ಅವನ ಮಗ ಮತ್ತೆ ಕೊಟ್ರಪ್ಪ. ಊರಿಗೆ ಹತ್ತು ಕೊಟ್ರಪ್ಪಗಳಿರುವಾಗ ಹಳೆಯ ಸಾಲಪತ್ರದಲ್ಲಿ ಹೆಬ್ಬೆಟ್ಟೊತ್ತಿದವನು ಯಾವ ಕೊಟ್ರಪ್ಪ?

ಹಾಗಾದರೆ ಬಾಯಿಮಾತಿನ ವಂಶಾವಳಿ ಇರಲಿಲ್ಲವೆ? ಇತ್ತು, ಬೇಕಾದಷ್ಟಿತ್ತು. ಎತ್ತಿನ ಮೇಲೆ ಕುಳಿತು ಬರುವ ಹೆಳವರು ಒಕ್ಕಲು ಮನೆಗಳ ಮೂಲಪುರುಷನಿಂದ ಹಿಡಿದು ಪೀಳಿಗೆ ಪೀಳಿಗೆ ಒಪ್ಪಿಸುತ್ತಿದ್ದರು. ಮಾದಿಗರ ಕೇರಿಗೆ ದಕ್ಕಲಿಗರು ಬರುತ್ತಿದ್ದರು, ಲಂಬಾಣಿ ತಾಂಡಾಗಳಿಗೆ ಢಾಡಿಗಳು. ಉಳ್ಳವರಿಗಷ್ಟೇ ಪೂರ್ವಿಕರಿದ್ದರು ಎನ್ನುವವರು ಇದನ್ನು ನೆನೆಯಬೇಕು: ಊರಾಚೆ ಇಟ್ಟವರೂ ತಮ್ಮ ಕುಲದ ಕಥೆ ಹೇಳುವವರನ್ನು ತಮ್ಮ ಪಾಲಿನ ಕಾಳಿನಲ್ಲೇ ಸಾಕಿದರು. ಆದರೆ ಆ ಹಾಡಿಕೆಯಲ್ಲಿ ಹೆಚ್ಚಾಗಿ ಬರುವುದು ಗಂಡಸರ ಸಾಲು, ಕುಲದ ಹಿರಿಮೆ. ಯಾರು ಯಾರ ಮನೆಯಲ್ಲಿ ಎಷ್ಟು ವರ್ಷ ಜೀತಕ್ಕಿದ್ದರು, ಯಾವ ಸಾಲಕ್ಕೆ, ಹೇಗೆ ಬಿಡಿಸಿಕೊಂಡರು ಎಂಬುದು ಅದರಲ್ಲಿ ಬರುವುದು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಮನೆತನ ಕೆದಕುವುದೆಂದರೆ ನಮ್ಮಲ್ಲಿ ಜಾತಿ ಕೆದಕುವುದು, ಬೆಡಗು ಬಳ್ಳಿ ಎಣಿಸುವುದು. ಅದು ಮರೆತರೇ ಒಳ್ಳೆಯದು ಎನ್ನುವವರಿದ್ದಾರೆ. ವಂಶದ ಹೆಮ್ಮೆಗಾಗಿ ಬರೆದರೆ ಅವರ ಮಾತು ನಿಜ. ದುಡಿಮೆಯ ದಾರಿ ಹಿಡಿದು ಬರೆದರೆ ಬೇರೆಯೇ ಕಾಣುತ್ತದೆ. ಬರದಲ್ಲಿ ಸರ್ಕಾರ ತೆರೆದ ರಸ್ತೆ ಕೆಲಸದಲ್ಲಿ, 1905ರಲ್ಲಿ ಓಡತೊಡಗಿದ ಹೊಸಪೇಟೆ-ಕೊಟ್ಟೂರು ರೈಲುದಾರಿಗೆ ಮಣ್ಣು ಹೊತ್ತಲ್ಲಿ, ಹತ್ತಿ ಗಿರಣಿಯಲ್ಲಿ ಬೇರೆ ಬೇರೆ ಕೇರಿಯವರು ಒಂದೇ ಹಾಜರಿಯಲ್ಲಿ ನಿಂತಿದ್ದರು. ಹಾಗೆಯೇ, ಒಂದೇ ಜಾತಿಯೊಳಗೆ ಸಾಲ ಕೊಟ್ಟವನೂ ಅವನ ಮನೆಯ ಜೀತದವನೂ ಇದ್ದರು ಎಂಬುದೂ ಆಗಲೇ ಬಯಲಾಗುತ್ತದೆ. ಮರೆವಿನಿಂದ ಜಾತಿ ಅಳಿಯದು. ಮರೆವಿನಿಂದ ಅಳಿಯುವುದು ಜೀತದ ಲೆಕ್ಕ ಮಾತ್ರ.

ಕಾಗದವಿಲ್ಲದ ಕಡೆ ಇರುವುದು ಮುದುಕಿಯರ ಪಂಚಾಂಗ. ಅವರಿಗೆ ಇಸವಿ ಗೊತ್ತಿಲ್ಲ. "ಮೈಲಾರದ ಕಾರಣಿಕ ಆಗಿ ಮೂರು ದಿನಕ್ಕ ನಿಮ್ಮಪ್ಪ ಹುಟ್ಟಿದ," "ಡ್ಯಾಮಿಗೆ ಹಳ್ಳಿ ಮುಳುಗಿದಾಗ ನಮ್ಮ ತವರಿನೋರು ಎದ್ದು ಬಂದ್ರು" ಎನ್ನುತ್ತಾರೆ. ಎರಡನೆಯ ಮಾತಿಗೆ ಇಸವಿ ಕೂಡಿಸುವುದು ಕಷ್ಟವಲ್ಲ: ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಹಾಗೆಯೇ, ಅವರು ಹೇಳುವ ಧಾತು ಈಶ್ವರ ಸಂವತ್ಸರಗಳ ಬರವೆಂದರೆ 1876-78. 1871ರ ಗಣತಿಗೂ 1881ರ ಗಣತಿಗೂ ನಡುವೆ ಬಳ್ಳಾರಿ ಜಿಲ್ಲೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿತು. ಹೊಲವಿಲ್ಲದವರ ಎಷ್ಟೋ ಮನೆತನಗಳ ನೆನಪು ಆ ಬರದ ಹಿಂದಕ್ಕೆ ಹೋಗುವುದಿಲ್ಲ. ಅಲ್ಲಿ ಕಥೆ ಹೇಳಬೇಕಾದವರೇ ಸತ್ತಿದ್ದರು.

ಹರಪನಹಳ್ಳಿಯಲ್ಲೇ 1913ರಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿ 'ನನ್ನ ಭಯಾಗ್ರಫಿ' ಎಂಬ ಆತ್ಮಕಥೆ ಬರೆದರು. ನಮ್ಮ ಕೂಲಿಯಾಳು ಅವರ ಓರಗೆಯವನು. ಒಬ್ಬರ ಕೈಗೆ ಅಕ್ಷರ ಬಂತು, ಇನ್ನೊಬ್ಬನ ಕೈಗೆ ಕುಡುಗೋಲು. ಅಂತರ ಇಷ್ಟೇ.

ಅಜ್ಜನ ಕಥೆ ಬರೆದಿಡುವುದು ಬರೀ ಭಾವನೆಯ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸಕ್ಕೆ ಪುರಾವೆ ಕೇಳುತ್ತದೆ. ಬಡವನಿಂದ ಅಜ್ಜನ ಕಾಗದ ಕೇಳುವುದು ಕ್ರೂರವೇ. ಆದರೂ ಅದೇ ಕಾಯ್ದೆಯ ನಿಯಮಗಳು ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ, ಹಳೆಯ ಬಾವಿ, ಗೋರಿ, ಗುಡಿಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಅಜ್ಜಿಯ ಮಾತಿಗೆ ಸರ್ಕಾರವೇ ಬೆಲೆ ಕಟ್ಟಿರುವಾಗ ಮನೆಯವರು "ಏನೈತಿ ಹೇಳಾಕ" ಎನ್ನಬಾರದು.

ಈ ಸಲ ಉಗಾದಿಗೆ ಊರಿಗೆ ಹೋದವರು, ಎಂಬತ್ತು ದಾಟಿದವರು ಮನೆಯಲ್ಲಿದ್ದರೆ, ಅವರ ಪಕ್ಕ ಒಂದು ಹೊತ್ತು ಕೂತುಕೊಳ್ಳಿ. ಫೋನಿನಲ್ಲಿ ಅವರ ದನಿ ಹಿಡಿದಿಡಿ. ಮೊದಲು ಅಜ್ಜಿಯ ತವರೂರು ಕೇಳಿ, ಅವಳ ತಾಯಿಯ ಹೆಸರು ಕೇಳಿ. ಆಮೇಲೆ, ಯಾರ ಹೊಲದಲ್ಲಿ ದುಡಿದರು, ದಿನಕ್ಕೆ ಏನು ಕೊಟ್ಟರು ಎಂದು ಕೇಳಿ ಬರೆದುಕೊಳ್ಳಿ.