ಹೂಳಿನ ಲೆಕ್ಕ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ ಅದರ ಜಲಾಶಯದ ಸಾಮರ್ಥ್ಯ ಸುಮಾರು 132 ಟಿಎಂಸಿ ಅಡಿ. 2008ರ ಸಮೀಕ್ಷೆ ಅದನ್ನು 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಎಂಟು ವರ್ಷಗಳಲ್ಲಿ ಜಲಾಶಯದ ಹೊಟ್ಟೆ ಐದು ಟಿಎಂಸಿಯಷ್ಟು ಹಿಗ್ಗಿತೆಂದು ತಿಳಿಯಬೇಕೆ? ಹೂಳು ತಾನಾಗಿಯೇ ಎದ್ದು ಹೋಗುವ ವಸ್ತುವಲ್ಲ. ಬದಲಾದದ್ದು ಅಳತೆ ಮಾತ್ರ. ಆದರೆ ಕಾಲುವೆಯ ಕೊನೆಯ ಭಾಗದಲ್ಲಿ, ಮಾನ್ವಿ ಸಿರವಾರಗಳ ಕಡೆ, ಎರಡನೆಯ ಬೆಳೆಗೆ ನೀರು ಬಂದೀತೋ ಇಲ್ಲವೋ ಎಂದು ಮುಗಿಲು ನೋಡುವ ಒಕ್ಕಲಿಗನಿಗೆ ಐದು ಟಿಎಂಸಿ ಎಂಬುದು ಕಾಗದದ ಮೇಲಿನ ಅಂಕಿಯಲ್ಲ. ಅಂಥ ಅಂಕಿಯನ್ನು ಅಳೆಯುವವರು, ಮುಂದಿನ ಐವತ್ತು ವರ್ಷಗಳ ಹೂಳನ್ನು ಇಂದೇ ಊಹಿಸುವವರು ಯಾರು, ಅವರು ಎಲ್ಲಿ ತಯಾರಾಗುತ್ತಾರೆ ಎಂಬುದು ವಿದ್ಯಾಸಂಸ್ಥೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೂಳೆತ್ತಿಬಿಟ್ಟರೆ ಆಯಿತಲ್ಲ ಎಂಬ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. 2017ರ ಬೇಸಿಗೆಯಲ್ಲಿ ರೈತರೇ ಒಣಗಿದ ಜಲಾಶಯಕ್ಕೆ ಇಳಿದು ಹೂಳೆತ್ತಿದರು. ಅವರ ಸಂಕಟ ನಿಜ, ಅವರ ಶ್ರಮ ವಂದನೀಯ. ಆದರೂ ಲೆಕ್ಕವನ್ನು ಮಾಡಲೇಬೇಕು. 2016ರ ಅಳತೆಯನ್ನೇ ಹಿಡಿದರೆ ಕೂಡಿಬಿದ್ದ ಹೂಳು 26 ಟಿಎಂಸಿಗೂ ಮಿಗಿಲು, ಎಂದರೆ ಸುಮಾರು 75 ಕೋಟಿ ಘನ ಮೀಟರು. ಒಂದು ಲಾರಿ ಹತ್ತು ಘನ ಮೀಟರು ಹೊತ್ತರೆ ಏಳೂವರೆ ಕೋಟಿ ಲಾರಿಗಳು ಬೇಕು. ದಿನಕ್ಕೆ ಸಾವಿರ ಲಾರಿ ಬಿಡುವಿಲ್ಲದೆ ಓಡಿದರೂ ಇನ್ನೂರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹೊಳೆ ಸುಮ್ಮನಿರುವುದೆ? ಅರವತ್ತಮೂರು ವರ್ಷಗಳ ಸರಾಸರಿಯಂತೆ ಅದು ವರ್ಷಕ್ಕೆ ತಂದು ಸುರಿದದ್ದೇ ಹನ್ನೆರಡು ಲಕ್ಷ ಲಾರಿಗಳಷ್ಟು, ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು. ಈ ಗಣಿತಕ್ಕೆ ಏಳನೆಯ ತರಗತಿಯ ವಿದ್ಯೆ ಸಾಕು. ಅದನ್ನು ಮಾಡದೆಯೇ ಭಾಷಣಗಳು ನಡೆದಿವೆ ಎಂಬುದು ವಿಷಾದದ ಸಂಗತಿ.

ನದಿಯ ಹೂಳನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಅಗ್ರಗಣ್ಯನು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಜಗತ್ಪ್ರಸಿದ್ಧ ಭೌತವಿಜ್ಞಾನಿಯ ಮಗನೆಂದು ಮಾತ್ರ ಆತನನ್ನು ನೆನೆಯುವುದು ಅನ್ಯಾಯ. ಜ್ಯೂರಿಚ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಜರ್ಮನಿಯಲ್ಲಿ ಕೆಲವು ವರ್ಷ ಉಕ್ಕಿನ ಕಟ್ಟಡಗಳ ವಿನ್ಯಾಸ ಮಾಡಿ, ಮತ್ತೆ ಜ್ಯೂರಿಚ್‌ಗೆ ಬಂದು, ಹೊಳೆಯ ತಳದಲ್ಲಿ ಉರುಳುವ ಕಲ್ಲು ಮರಳುಗಳನ್ನು ಕುರಿತು 1936ರಲ್ಲಿ ಡಾಕ್ಟರೇಟು ಪಡೆದನು. ತಳದ ಒಂದು ಕಣ ಒಂದಿಷ್ಟು ದೂರ ಜಿಗಿಯುತ್ತದೆ, ಬಳಿಕ ಬಹಳ ಹೊತ್ತು ವಿಶ್ರಮಿಸುತ್ತದೆ, ಮತ್ತೆ ಜಿಗಿಯುತ್ತದೆ. ಯಾವ ಕಣ ಯಾವಾಗ ಏಳುವುದೆಂದು ಯಾರೂ ಹೇಳಲಾರರು; ಕೋಟಿ ಕಣಗಳು ಒಟ್ಟಾಗಿ ಎಷ್ಟು ಸಾಗುವುವೆಂಬುದನ್ನು ಸಂಭವನೀಯತೆಯ ಗಣಿತದಿಂದ ಹೇಳಬಹುದು. ಇದು ಆತನ ಕಾಣ್ಕೆ. 1938ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ದಕ್ಷಿಣ ಕ್ಯಾರೊಲಿನಾದಲ್ಲಿ ಮಣ್ಣು ಸಂರಕ್ಷಣೆಯ ಇಲಾಖೆಗಾಗಿ ನಿಜವಾದ ಹೊಳೆಯ ಹೂಳನ್ನು ಅಳೆಯುವ ಕೆಲಸದಲ್ಲಿ ತೊಡಗಿದನು. 1950ರಲ್ಲಿ ಹೊರಬಂದ ಆತನ ಪ್ರಸಿದ್ಧ ಸೂತ್ರದ ಹಿಂದೆ ಕಾಗದದಷ್ಟೇ ಕೆಸರೂ ಇದೆ.

ಪ್ರಯೋಗಾಲಯದಲ್ಲಿ ನದಿಯ ಸಣ್ಣ ಮಾದರಿ ಕಟ್ಟಿ ನೋಡುವ ಪದ್ಧತಿ ಇದಕ್ಕೂ ಹಳೆಯದು. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿಯೂ ನಮ್ಮ ಕೃಷ್ಣರಾಜಸಾಗರದ ಸಂಶೋಧನಾಲಯದಲ್ಲಿಯೂ ಅಂಥ ಮಾದರಿಗಳನ್ನು ಕಾಣಬಹುದು. ನೋಡುವವರಿಗೆ ಅದು ಮಕ್ಕಳಾಟದಂತೆ ತೋರುತ್ತದೆ. ಅದರ ಕಷ್ಟ ಮಾಡಿದವರಿಗೇ ಗೊತ್ತು. ಅಣೆಕಟ್ಟನ್ನು ನೂರನೆಯ ಒಂದು ಪಾಲಿಗೆ ಕಿರಿದುಗೊಳಿಸಬಹುದು. ಮರಳನ್ನು? ಕಾಲು ಮಿಲಿಮೀಟರಿನ ಮರಳನ್ನು ಅದೇ ಪ್ರಮಾಣದಲ್ಲಿ ಕಿರಿದುಗೊಳಿಸಿದರೆ ಅದು ಮರಳಾಗಿ ಉಳಿಯದೆ ಜೇಡಿಯಾಗುತ್ತದೆ, ಕಣಕ್ಕೆ ಕಣ ಅಂಟುತ್ತದೆ, ಹರಿಯುವ ರೀತಿಯೇ ಬೇರೆಯಾಗುತ್ತದೆ. ಆದುದರಿಂದ ಹಗುರವಾದ ಕಲ್ಲಿದ್ದಲ ಪುಡಿಯನ್ನೋ ಅಕ್ರೋಟು ಚಿಪ್ಪಿನ ಪುಡಿಯನ್ನೋ ಬಳಸುತ್ತಾರೆ. ಇಂದು ಗಣಕಯಂತ್ರದ ಮಾದರಿಗಳು ಬಂದಿವೆ. ಅಮೆರಿಕದ ಸೇನಾ ಎಂಜಿನಿಯರುಗಳು ರೂಪಿಸಿದ ಹೆಕ್-ರಾಸ್ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಹೂಳಿಗೆ ಸಂಬಂಧಿಸಿದ ಸೂತ್ರಗಳು ಹಲವು. ಒಂದೇ ಹೊಳೆಗೆ ಬೇರೆ ಬೇರೆ ಸೂತ್ರ ಹಾಕಿದರೆ ಉತ್ತರಗಳು ಎರಡು ಪಟ್ಟು, ಹತ್ತು ಪಟ್ಟು ಭಿನ್ನವಾಗುವುದುಂಟು. ಯಾವುದನ್ನು ಆರಿಸಬೇಕೆಂದು ಯಂತ್ರ ಹೇಳುವುದಿಲ್ಲ. ಆ ಹೊಳೆಯ ದಂಡೆಯಲ್ಲಿ ನಿಂತು ಅಳೆದ ಅಂಕಿಗಳು ಹೇಳುತ್ತವೆ.

ಈ ಮಾತಿಗೆ ಚೀನಾ ದೇಶವು ಬಹಳ ದೊಡ್ಡ ಬೆಲೆ ತೆತ್ತಿತು. ಹ್ವಾಂಗ್ ವಾನ್ಲಿ ಮೊದಲು ಓದಿದ್ದು ಸೇತುವೆಗಳ ವಿದ್ಯೆ. 1930ರ ದಶಕದ ಆರಂಭದ ಭೀಕರ ಪ್ರವಾಹಗಳು ಅವನ ಮನಸ್ಸನ್ನು ನೀರಿನ ಕಡೆಗೆ ತಿರುಗಿಸಿದುವು. ಅಮೆರಿಕದ ಇಲಿನಾಯ್‌ನಲ್ಲಿ ಡಾಕ್ಟರೇಟು ಪಡೆದು ಸ್ವದೇಶಕ್ಕೆ ಮರಳಿ, ಸಿಚುವಾನ್ ಪ್ರಾಂತದ ನದಿಗಳ ದಂಡೆಗಳಲ್ಲಿ ಬಹು ದೂರ ನಡೆದನು. ಹಳದಿ ನದಿಗೆ ಸಾನ್‌ಮೆನ್‌ಷಿಯಾದಲ್ಲಿ ಅಣೆಕಟ್ಟು ಕಟ್ಟಲು ಸೋವಿಯತ್ ತಜ್ಞರ ನೆರವಿನಿಂದ ಯೋಜನೆ ಸಿದ್ಧವಾಗಿತ್ತು. ಹೂಳು ಮೇಲ್ಭಾಗದಲ್ಲಿ ಕೂಡಿಬಿದ್ದು ವೇಯ್ ನದಿಯ ಬಯಲನ್ನು ಮುಳುಗಿಸುವುದೆಂದು 1957ರ ತಜ್ಞರ ಸಭೆಯಲ್ಲಿ ಅವನು ವಾದಿಸಿದನು. ಕಟ್ಟಲೇಬೇಕೆಂದಾದರೆ ತಳದ ತೂಬುಗಳನ್ನಾದರೂ ಮುಚ್ಚಬೇಡಿರೆಂದನು. ತೂಬುಗಳನ್ನು ಕಾಂಕ್ರೀಟಿನಿಂದ ಮುಚ್ಚಿದರು. 1960ರಲ್ಲಿ ನೀರು ನಿಲ್ಲಿಸಿದರು. ಎರಡೇ ವರ್ಷಗಳಲ್ಲಿ ತುಂಗ್ವಾನ್ ಬಳಿ ನದಿಯ ತಳ ನಾಲ್ಕು ಮೀಟರಿಗೂ ಹೆಚ್ಚು ಮೇಲೆದ್ದಿತು. ಬಳಿಕ ಅದೇ ತೂಬುಗಳನ್ನು ಅಪಾರ ವೆಚ್ಚದಲ್ಲಿ ಒಡೆದು ತೆರೆಯಬೇಕಾಯಿತು. ಹೇಳಿದವನಿಗೆ ದೊರೆತದ್ದು ಬಲಪಂಥೀಯನೆಂಬ ಹಣೆಪಟ್ಟಿ ಮತ್ತು ದೀರ್ಘಕಾಲದ ಅವಮಾನ. ಲೆಕ್ಕ ಬಲ್ಲವನಿಗೆ ಲೆಕ್ಕದ ಜೊತೆ ನಿಲ್ಲುವ ಎದೆಯೂ ಬೇಕಾಗುತ್ತದೆ. ಅದನ್ನು ಯಾವ ಎಂಜಿನಿಯರಿಂಗ್ ಕಾಲೇಜು ಕಲಿಸೀತು?

ಇಲ್ಲಿಯೇ ಮಠಗಳ ಆಶ್ರಯದ ಶಾಲೆಗಳ ಹೊಣೆ ಆರಂಭವಾಗುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನೂ ದೋಣಿ ನಡೆಸಿದ ಅಂಬಿಗರ ಚೌಡಯ್ಯನನ್ನೂ ಪ್ರಾತಃಸ್ಮರಣೀಯರೆಂದು ಬಗೆದ ಪರಂಪರೆಗೆ ನೀರಿನ ಕಾಯಕ ಹೊಸದಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳವರು ಮುಂದಾಗಿ ನಿಂತು ಹಿರೇಹಳ್ಳವನ್ನು ಸ್ವಚ್ಛಗೊಳಿಸಿದಾಗ ನಾಡೇ ನೋಡಿತು. ಆದರೆ ಅದೇ ನಾಡಿನ ಶಾಲೆಗಳಲ್ಲಿ ವಿಜ್ಞಾನದ ಪಾಠ ಬಹುಮಟ್ಟಿಗೆ ಕಪ್ಪುಹಲಗೆಯ ಮೇಲೆಯೇ ಮುಗಿಯುತ್ತದೆ. ದಾನಿಗಳು ಗಣಕಯಂತ್ರದ ಕೊಠಡಿಗೆ ಉದಾರವಾಗಿ ಕೊಡುತ್ತಾರೆ, ಬಾಗಿಲ ಮೇಲೆ ಹೆಸರಿನ ಫಲಕವೂ ಏರುತ್ತದೆ. ಕೊಡಲಿ, ಅದು ಬೇಡವೆನ್ನುವಂತಿಲ್ಲ. ಒಂದು ನಿಖರವಾದ ತಕ್ಕಡಿ, ನಾಲ್ಕು ಬಗೆಯ ಜರಡಿ, ಹತ್ತು ಸೀಸೆ, ಸೋಸುವ ಕಾಗದ, ಇವುಗಳಿಗೆ ಫಲಕ ಹಾಕಲು ಸ್ಥಳವಿಲ್ಲದ್ದರಿಂದಲೋ ಏನೋ ಇವನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ಮಳೆಗಾಲದಲ್ಲಿ ಊರ ಹಳ್ಳಕ್ಕೆ ಕೆನ್ನೀರು ಬಂದ ದಿನ ಒಬ್ಬ ಉಪಾಧ್ಯಾಯರು ಮಕ್ಕಳೊಡನೆ ಸೇತುವೆಯ ಮೇಲೆ ನಿಲ್ಲಬೇಕು. ಹಗ್ಗಕ್ಕೆ ಕಟ್ಟಿದ ಸೀಸೆಯಲ್ಲಿ ಒಂದು ಲೀಟರು ನೀರು ತುಂಬಿ, ಸೋಸಿ, ಉಳಿದ ಮಣ್ಣನ್ನು ಒಣಗಿಸಿ ತೂಗಬೇಕು. ತಾರೀಖು, ನೀರಿನ ಎತ್ತರ, ಮಣ್ಣಿನ ತೂಕ, ಇಷ್ಟನ್ನೇ ಒಂದು ದಫ್ತರದಲ್ಲಿ ಬರೆಯಬೇಕು. ಆ ವರ್ಷದ ಮಕ್ಕಳು ತೇರ್ಗಡೆಯಾಗಿ ಹೋದರೆ ಮುಂದಿನ ವರ್ಷದವರು ಬರೆಯುತ್ತಾರೆ. ಇಪ್ಪತ್ತು ಮಳೆಗಾಲಗಳ ಅಂಥ ದಫ್ತರ ಒಂದು ಶಾಲೆಯ ಕಪಾಟಿನಲ್ಲಿದ್ದರೆ, ಹೂಳಿನ ಮಾದರಿ ರಚಿಸಲು ಹೊರಟ ಎಂಜಿನಿಯರು ಅದನ್ನು ಹುಡುಕಿಕೊಂಡು ಆ ಶಾಲೆಯ ಬಾಗಿಲಿಗೇ ಬರುತ್ತಾನೆ. ಅವನು ಅದರ ಮೊದಲ ಪುಟಗಳಲ್ಲಿ ತನ್ನದೇ ಬಾಲ್ಯದ ಕೈಬರಹವನ್ನು ಕಂಡರೂ ಆಶ್ಚರ್ಯವಿಲ್ಲ.