ಪೊಟ್ಟಣದ ಓಟ್ಸೂ ಕಾವಲಿಯ ದೋಸೆಯೂ

ಚಳಿಗಾಲದ ಮುಂಜಾನೆ ಎದ್ದು ಕಾಲೇಜಿಗೆ ಹೊರಡುವ ವಿದ್ಯಾರ್ಥಿಯ ಉಪಾಹಾರವು ಇಂದು ಬಹುಮಟ್ಟಿಗೆ ಗಡಿಯಾರದ ಆಜ್ಞೆಗೆ ಒಳಪಟ್ಟಿದೆ. ಬಿಸಿನೀರು ಹೊಯ್ದೊಡನೆ ಸಿದ್ಧವಾಗುವ ಓಟ್ಸಿನ ಪೊಟ್ಟಣಗಳು ನಮ್ಮ ಊರುಗಳ ಅಂಗಡಿಗಳಲ್ಲಿಯೂ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಓಟ್ಸ್ ಒಳ್ಳೆಯ ಧಾನ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಒಂದೇ ಧಾನ್ಯವು ಸಂಸ್ಕಾರಭೇದದಿಂದ ಪುಷ್ಟಿಕರವಾದ ಆಹಾರವೂ ಆಗಬಹುದು, ಬರಿಯ ಸಿಹಿತಿಂಡಿಯೂ ಆಗಬಹುದು. ಈ ಭೇದವನ್ನು ಅರಿಯದೆ ಹೆಸರನ್ನು ಮಾತ್ರ ನಂಬಿ ಕೊಳ್ಳುವುದು ವಿಜ್ಞಾನವನ್ನು ಓದುವವರಿಗೆ ತಕ್ಕುದಲ್ಲವೆಂಬುದು ನಮ್ಮ ಅಭಿಪ್ರಾಯ.

ಓಟ್ಸ್ ತಂಪು ಹವೆಯ ಬೆಳೆ. ಗೋಧಿ ಚೆನ್ನಾಗಿ ಬಾರದ ಸ್ಕಾಟ್ಲೆಂಡಿನ ತೇವದ ನೆಲದಲ್ಲಿಯೂ ಅದು ಬೆಳೆಯುತ್ತದೆ. 1755ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರು ಇಂಗ್ಲೆಂಡಿನ ಕುದುರೆಗಳ ಮೇವು ಸ್ಕಾಟ್ಲೆಂಡಿನ ಜನರಿಗೆ ಆಹಾರವಾಗಿದೆಯೆಂಬ ಅರ್ಥದಲ್ಲಿ ಪರಿಹಾಸ ಮಾಡಿದ್ದರು. ಆದರೆ ಇಂಗ್ಲೆಂಡಿನಲ್ಲಿಯೇ, ಸ್ಟಾಫರ್ಡ್‌ಷೈರ್ ಪ್ರಾಂತದಲ್ಲಿ, ಓಟ್ಸಿನ ಹಿಟ್ಟಿಗೆ ಯೀಸ್ಟು ಸೇರಿಸಿ, ಹುದುಗು ಬಂದ ಬಳಿಕ ಕಾದ ಹಂಚಿನ ಮೇಲೆ ತೆಳ್ಳಗೆ ಹೊಯ್ದು ತಿನ್ನುವ ವಾಡಿಕೆಯುಂಟು. ನಮ್ಮವರು ಕಂಡರೆ ಅದನ್ನು ದೋಸೆಯೆಂದೇ ಕರೆದಾರು. ಅಮೆರಿಕದ ಮನೆಗಳಲ್ಲಿ ಚಳಿಗಾಲದ ಬೆಳಗ್ಗೆ ಮಾಡುವ ಓಟ್ಸಿನ ಪ್ಯಾನ್‌ಕೇಕು ಇದಕ್ಕಿಂತ ದಪ್ಪ. ಅದು ಸೋಡಾದಿಂದ ಉಬ್ಬುತ್ತದೆ. ಅದನ್ನೇ ಇಲ್ಲಿ ದೋಸೆಯೆಂದು ಕರೆಯೋಣ.

ಈ ದೋಸೆಯನ್ನು ಮಾಡುವ ಕ್ರಮ ಸುಲಭ. ಒಂದು ಬಟ್ಟಲು ಓಟ್ಸಿನ ಅವಲನ್ನು ಒಂದು ಬಟ್ಟಲು ಹುಳಿಮಜ್ಜಿಗೆಯಲ್ಲಿ ರಾತ್ರಿಯೇ ನೆನೆಸಿಡಬೇಕು. ಬೆಳಗ್ಗೆ ಅರ್ಧ ಬಟ್ಟಲು ಗೋಧಿಹಿಟ್ಟು, ಒಂದು ಮೊಟ್ಟೆ, ಒಂದು ಚಮಚ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು ಸೇರಿಸಿ ಕಲಸಿ, ಕಡೆಯಲ್ಲಿ ಅರ್ಧ ಚಹಾ ಚಮಚ ಅಡುಗೆ ಸೋಡಾ ಬೆರೆಸಬೇಕು. ಹಿಟ್ಟು ಗಟ್ಟಿಯೆನಿಸಿದರೆ ಸ್ವಲ್ಪ ಹಾಲು ಹೊಯ್ಯಬಹುದು.

ಇಲ್ಲಿ ಪ್ರತಿಯೊಂದು ಹೆಜ್ಜೆಗೂ ಕಾರಣವುಂಟು. ಅವಲು ನೆನೆಯದಿದ್ದರೆ ಅದರ ಪಿಷ್ಟವು ಸಾಕಷ್ಟು ನೀರು ಹೀರದೆ ದೋಸೆಯ ನಡುವೆ ಗಡುಸಾಗಿ ಉಳಿಯುತ್ತದೆ. ಗೋಧಿಹಿಟ್ಟು ಏಕೆ? ಮೊದಲ ಸಲ ನಾವು ಅದನ್ನೂ ಮೊಟ್ಟೆಯನ್ನೂ ಬಿಟ್ಟು ಹೊಯ್ದ ದೋಸೆ, ಮಗುಚುವಾಗಲೇ ಚೂರುಚೂರಾಯಿತು. ಗೋಧಿಯ ಪ್ರೋಟೀನುಗಳು ನೀರಿನೊಡನೆ ಕೂಡಿ ಗ್ಲೂಟೆನ್ ಎಂಬ ಜಿಗುಟಾದ ಬಲೆಯನ್ನು ಹೆಣೆಯುತ್ತವೆ. ಓಟ್ಸಿನ ಪ್ರೋಟೀನುಗಳಿಗೆ ಆ ಶಕ್ತಿಯಿಲ್ಲ. ಪುಸ್ತಕದಲ್ಲಿ ಓದಿದ್ದ ಈ ಸಂಗತಿಯನ್ನು ಆ ಮುರಿದ ದೋಸೆ ನಮಗೆ ಮನಗಾಣಿಸಿತು.

ಸೋಡಾ ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲದೊಡನೆ ಸೇರಿದೊಡನೆ ಇಂಗಾಲದ ಡೈಆಕ್ಸೈಡು ಹೊರಬರತೊಡಗುತ್ತದೆ. ಆದ್ದರಿಂದ ತಡಮಾಡದೆ ಹೊಯ್ಯಬೇಕು. ಸೋಡಾ ಹೆಚ್ಚಾದರೆ ಆಮ್ಲಕ್ಕೆ ಸಿಗದ ಭಾಗವು ಉಳಿದು ಸಾಬೂನಿನ ರುಚಿ ಬರುತ್ತದೆ. ಕಾವಲಿಗೆ ಚಿಮುಕಿಸಿದ ನೀರಹನಿಗಳು ಕುಣಿದಾಡಿದರೆ ಕಾವು ಸಾಕು. ತನ್ನದೇ ಆವಿಯ ಪದರದ ಮೇಲೆ ಹನಿ ತೇಲುವ ಈ ಕೌತುಕವನ್ನು 1756ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್. ಬಳಿಕ ಉರಿಯನ್ನು ತುಸು ತಗ್ಗಿಸಿ ಹಿಟ್ಟನ್ನು ಹೊಯ್ಯಬೇಕು. ಮೇಲೆದ್ದ ಗುಳ್ಳೆಗಳು ಒಡೆದು ತೂತುಗಳು ಮುಚ್ಚದೆ ನಿಂತರೆ ಮಗುಚುವ ಸಮಯವಾಯಿತು. ತಳದ ಕೆಂಬಣ್ಣಕ್ಕೂ ಪರಿಮಳಕ್ಕೂ ಮುಖ್ಯ ಕಾರಣ ಸಕ್ಕರೆಗಳೂ ಅಮೈನೋ ಆಮ್ಲಗಳೂ ನಡೆಸುವ ಕ್ರಿಯೆ. ಫ್ರಾನ್ಸಿನ ಮೈಯಾರ್ ಅದನ್ನು 1912ರಲ್ಲಿ ವರ್ಣಿಸಿದರು.

ಇನ್ನು ಆರೋಗ್ಯದ ಮಾತು. ಓಟ್ಸಿನಲ್ಲಿ ಬೀಟಾಗ್ಲೂಕನ್ ಎಂಬ, ನೀರಿನಲ್ಲಿ ಕರಗುವ ನಾರಿದೆ. ಅದು ಕರುಳಿನಲ್ಲಿ ಲೋಳೆಯಂತಾಗಿ ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಕೊಲೆಸ್ಟರಾಲನ್ನು ಇಳಿಸಲೂ ನೆರವಾಗುತ್ತದೆ. 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಓಟ್ಸಿನ ಆಹಾರಗಳ ಮೇಲೆ ಈ ಗುಣವನ್ನು ನಮೂದಿಸಲು ಅನುಮತಿ ಕೊಟ್ಟಾಗ ದಿನಕ್ಕೆ 3 ಗ್ರಾಂ ಬೀಟಾಗ್ಲೂಕನ್ನನ್ನು ಆಧಾರವಾಗಿಟ್ಟುಕೊಂಡಿತು. ಒಂದು ಬಟ್ಟಲು ಅವಲು ಸುಮಾರು 80 ಗ್ರಾಂ ತೂಗುತ್ತದೆ. ಅದರಲ್ಲಿರುವುದು ಹೆಚ್ಚುಕಡಮೆ ಅಷ್ಟೇ. ಅದನ್ನು ಇಬ್ಬರು ಹಂಚಿಕೊಂಡರೆ ತಲೆಗೆ ಅರ್ಧಪಾಲು. ಜಾಹೀರಾತನ್ನು ಓದುವಾಗ ಈ ಲೆಕ್ಕವನ್ನು ಮರೆಯಬಾರದು. ದಿಢೀರ್ ಪೊಟ್ಟಣದ ಓಟ್ಸನ್ನು ಮೊದಲೇ ಬೇಯಿಸಿ, ಕತ್ತರಿಸಿ, ಬಹಳ ತೆಳುವಾಗಿ ಒತ್ತಿರುತ್ತಾರೆ. ಆದ್ದರಿಂದ ಕಿಣ್ವಗಳು ಅದರ ಪಿಷ್ಟವನ್ನು ಬೇಗ ಮುಟ್ಟುತ್ತವೆ. ರಕ್ತದ ಗ್ಲೂಕೋಸು ದಪ್ಪ ಅವಲಿನಿಂದ ಏರುವುದಕ್ಕಿಂತ ಬೇಗ ಏರುತ್ತದೆ. ಹಲವು ಪೊಟ್ಟಣಗಳಿಗೆ ಸಕ್ಕರೆಯನ್ನೂ ಸೇರಿಸಿರುತ್ತಾರೆ.

ಓಟ್ಸ್ ಚಳಿಯಲ್ಲಿ ಮೈಗೆ ವಿಶೇಷವಾದ ಶಾಖ ಕೊಡುವುದೆಂಬ ಮಾತೂ ಉಂಟು. ಮಿಶ್ರ ಆಹಾರದ ಶಕ್ತಿಯಲ್ಲಿ ಸುಮಾರು ನೂರಕ್ಕೆ ಹತ್ತುಪಾಲು ಅದನ್ನು ಅರಗಿಸಿಕೊಳ್ಳುವ ಕಾರ್ಯದಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ರಾಗಿರೊಟ್ಟಿ ತಿಂದವರಿಗೂ ಬಿಸಿಬಿಸಿ ಇಡ್ಲಿ ತಿಂದವರಿಗೂ ಈ ಲಾಭ ಉಂಟು. ಓಟ್ಸಿನ ಮೋಹದಲ್ಲಿ ರಾಗಿಯನ್ನು ಹಳಿಯಬೇಕಾಗಿಲ್ಲ; ಅದನ್ನು ಕುರಿತೂ ಇವೇ ಪ್ರಶ್ನೆಗಳನ್ನು ಕೇಳಬಹುದು.

ಬೆಳಗ್ಗೆ ಇಷ್ಟೆಲ್ಲ ಮಾಡಲು ವೇಳೆಯೆಲ್ಲಿದೆಯೆಂದು ಕೆಲವರು ಆಕ್ಷೇಪಿಸಬಹುದು. ನೆನೆಸುವ ಕೆಲಸ ರಾತ್ರಿಯೇ ಮುಗಿದಿದ್ದರೆ ಬೆಳಗ್ಗೆ ಬೇಕಾಗುವುದು ಅರ್ಧ ಗಂಟೆಗೂ ಕಡಮೆ. ಆ ಕೆಲಸ ತಾಯಿಯದು, ಅಕ್ಕನದು ಎಂದು ಹುಡುಗರು ಹಾಸಿಗೆಯಲ್ಲಿ ಮಲಗಿರುವುದು ಸಲ್ಲದು. ಆಮ್ಲ, ಕ್ಷಾರ, ಪಿಷ್ಟಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವವರು ಒಂದು ಭಾನುವಾರವಾದರೂ ಸೌಟು ಹಿಡಿದು, ಒಮ್ಮೆ ಸೋಡಾ ಬೆರೆಸಿ, ಒಮ್ಮೆ ಬೆರೆಸದೆ ದೋಸೆ ಹೊಯ್ದು ನೋಡಲಿ. ಕೆಟ್ಟ ದೋಸೆಯನ್ನು ತಾವೇ ತಿಂದು, ಒಳ್ಳೆಯದನ್ನು ಮನೆಯವರಿಗೆ ಬಡಿಸಲಿ.